ಬರ್ಡ್ಸ್‌ವಿಲ್‌ನಿಂದ ಬೆಡೂರಿಗೆ

ಪೂರ್ವ ದಿಕ್ಕಿನಲ್ಲಿ ಮೊದಲು ಕಾಣುವುದು ಒಂದು ಚುಕ್ಕೆ. ಅದು ವಿಮಾನವೋ ನೊಣವೋ ತಕ್ಷಣ ಹೇಳಲಾಗದು. ಬರ್ಡ್ಸ್‌ವಿಲ್‌ನಲ್ಲಿ ತಲೆಯೆತ್ತಿ ನೋಡುವವರ ಕಣ್ಣೆದುರು ನಾಲ್ಕಾರು ನೊಣ ಯಾವಾಗಲೂ ಇದ್ದೇ ಇರುತ್ತವೆ. ಕೈ ಬೀಸಿದರೆ ನೊಣ ಹೋಗುತ್ತದೆ, ಚುಕ್ಕೆ ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅದಕ್ಕೆ ರೆಕ್ಕೆ ಮೂಡಿ, ಎರಡು ಪ್ರೊಪೆಲ್ಲರುಗಳ ಸದ್ದು ಕೇಳಿ, ಕೆಂಪು ಧೂಳಿನ ಬಯಲಿನ ಮೇಲೆ ಬಿಳಿಯ ಸಾಬ್ 340 ವಿಮಾನ ತಗ್ಗಿ ಬಂದು ನೆಲ ಮುಟ್ಟುತ್ತದೆ. ಮೂವತ್ತನಾಲ್ಕು ಸೀಟಿನ ವಿಮಾನ. ಇಳಿಯುವವರು ಮೂವರೋ ನಾಲ್ವರೋ. ಮೊಣಕೈತನಕ ಕೆಂಪಗೆ ಸುಟ್ಟ ಚರ್ಮದ ರಸ್ತೆ ಕೆಲಸಗಾರ, ಮಗುವನ್ನೆತ್ತಿಕೊಂಡ ತಾಯಿ, ಕ್ಲಿನಿಕ್ಕಿಗೆ ಬದಲಿಯಾಗಿ ಬಂದ ನರ್ಸ್. ಜೇಬು ತಡಕುವ ಸಾಲಿಲ್ಲ, ಹೆಸರು ಕೂಗುವ ಧ್ವನಿವರ್ಧಕವಿಲ್ಲ. ವಿಮಾನ ನಿಲ್ಲುವ ಜಾಗಕ್ಕೆ ಎದುರಾಗಿ ರಸ್ತೆಯಾಚೆಗೇ 1884ರಲ್ಲಿ ಕಟ್ಟಿದ ಮರಳುಗಲ್ಲಿನ ಹೋಟೆಲ್ಲಿದೆ. ಮೆಟ್ಟಿಲಿಳಿದವನು ನಾಲ್ಕು ಹೆಜ್ಜೆ ಹಾಕಿದರೆ ಅದರ ಬಾರಿನ ನೆರಳು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನೈಋತ್ಯ ಮೂಲೆಯ ಈ ಊರಿನಲ್ಲಿ 2021ರ ಜನಗಣತಿಯ ಪ್ರಕಾರ 110 ಜನ. ಪಕ್ಕದ ಊರು ಬೆಡೂರಿ. ಅಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಪಕ್ಕದ್ದು ಎಂದದ್ದಕ್ಕೆ ನಗಬೇಡಿ. ಉತ್ತರಕ್ಕೆ ನೇರ ಗೆರೆ ಎಳೆದರೆ ಸುಮಾರು 170 ಕಿಲೋಮೀಟರ್, ರಸ್ತೆಯಲ್ಲಿ ಸುಮಾರು 190. ನಡುವೆ ಒಂದೂ ಊರಿಲ್ಲ. ಎರಡೂ ಡಯಮಂಟೀನಾ ಶೈರ್‌ಗೆ ಸೇರಿದವು. ಶೈರ್ ಎಂದರೆ ನಮ್ಮ ತಾಲ್ಲೂಕು ಪಂಚಾಯ್ತಿಯಂಥ ಸ್ಥಳೀಯ ಆಡಳಿತ. ಅದರ ವಿಸ್ತೀರ್ಣ ಸುಮಾರು 95,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧ. ಅಷ್ಟು ನೆಲದಲ್ಲಿ ಬಾಳುವವರೆಲ್ಲ ಸೇರಿದರೂ ಮುನ್ನೂರು ದಾಟುವುದಿಲ್ಲ. ನಮ್ಮಲ್ಲಿ ಒಂದು ಮಧ್ಯಮ ತರಗತಿಯ ಮದುವೆಗೆ ಇದಕ್ಕಿಂತ ಹೆಚ್ಚು ಜನ ಉಣ್ಣುತ್ತಾರೆ.

ಈ ವಿಮಾನ ಬೆಳಗ್ಗೆ ಬ್ರಿಸ್ಬೇನ್ ಬಿಟ್ಟದ್ದು. ಟುವೂಂಬಾ, ಚಾರ್ಲ್‌ವಿಲ್, ಕ್ವಿಲ್ಪಿ, ವಿಂಡೋರಾ ಎಂದು ಒಂದೊಂದೇ ಊರಿಗೆ ಇಳಿದು ಏಳುತ್ತ ಇಲ್ಲಿಗೆ ಬಂದಿದೆ. ಮುಂದೆ ಬೆಡೂರಿ, ಬೂಲಿಯಾ, ಕೊನೆಗೆ ಗಣಿಯೂರು ಮೌಂಟ್ ಐಸಾ. ಬ್ರಿಸ್ಬೇನ್‌ನಿಂದ ಮೌಂಟ್ ಐಸಾಕ್ಕೆ ಜೆಟ್ ಹತ್ತಿದವನು ಎರಡೂವರೆ ಗಂಟೆಯೊಳಗೆ ಇಳಿದಿರುತ್ತಾನೆ. ಇದು ಕೈಯೊಡ್ಡಿದಲ್ಲೆಲ್ಲ ನಿಲ್ಲುವ ನಮ್ಮ ಕೆಂಪು ಬಸ್ಸಿನ ಹಾಗೆ, ಇಡೀ ಹಗಲನ್ನು ನುಂಗುತ್ತದೆ. ಅಲ್ಲಿನವರು ಇದನ್ನು ‘ಹಾಲಿನ ಫೇರಿ’ ಎನ್ನುತ್ತಾರೆ. ಮನೆಮನೆಗೆ ಹಾಲು ಹಾಕುವವನು ಎಲ್ಲ ಬಾಗಿಲಲ್ಲೂ ನಿಲ್ಲಬೇಕಲ್ಲ. ವಾರಕ್ಕೆರಡು ಸಲ ಹೀಗೆ ಹೋಗಿ ಬರುತ್ತದೆ, ಮಿಕ್ಕ ದಿನ ಆಕಾಶ ಖಾಲಿ.

ಬಾಗಿಲು ಮುಚ್ಚಿತು. ಪ್ರೊಪೆಲ್ಲರ್ ತಿರುಗಿ ಧೂಳೆದ್ದಿತು. ಏರುತ್ತಿದ್ದಂತೆ ಮೊದಲು ಕಾಣುವುದು ಊರಿನ ಚಿಕ್ಕತನ: ನಾಲ್ಕು ಬೀದಿ, ತಗಡಿನ ಛಾವಣಿಗಳು, ಹೊಳೆಯುವ ಒಂದೆರಡು ಕೊಳ. ಆ ಕೊಳಗಳು ತಣ್ಣೀರಿನವಲ್ಲ. ಒಂದು ಕಿಲೋಮೀಟರಿಗಿಂತ ಆಳದ ಕೊಳವೆಬಾವಿಯಿಂದ ಏಳುವ ನೀರು 98 ಡಿಗ್ರಿ ಬಿಸಿ ಇರುತ್ತದೆ, ಅದನ್ನು ಆರಿಸಿ ನಲ್ಲಿಗೆ ಬಿಡಬೇಕು. ಕುಡಿಯುವ ನೀರನ್ನು ಆರಿಸುವ ಊರಿದು. 1972ರ ಡಿಸೆಂಬರ್ 24ರಂದು ಇಲ್ಲಿ ದಾಖಲಾದ 49.5 ಡಿಗ್ರಿ, ಕ್ವೀನ್ಸ್‌ಲ್ಯಾಂಡಿನ ಅತಿ ಹೆಚ್ಚಿನ ತಾಪ. ಅಂಥ ದಿನ ಆರಿಸಿದ ನೀರೂ ಎಷ್ಟು ತಣ್ಣಗಿದ್ದೀತು?

ವಿಮಾನ ಉತ್ತರಕ್ಕೆ ತಿರುಗಿದ ಮೇಲೆ ಎಡಗಡೆ ಕೂತವರಿಗೆ ಒಂದು ಲೋಕ, ಬಲಗಡೆ ಕೂತವರಿಗೆ ಇನ್ನೊಂದು. ಎಡಕ್ಕೆ ಸಿಂಪ್ಸನ್ ಮರುಭೂಮಿ. ಒಂದರ ಪಕ್ಕ ಒಂದು, ತಪ್ಪದೆ ಸಮಾನಾಂತರವಾಗಿ ಹೊರಟ ಮರಳು ದಿಬ್ಬಗಳು. ಇಂಥವು ಸಾವಿರದ ನೂರಕ್ಕೂ ಹೆಚ್ಚಿವೆ. ಒಂದೊಂದೂ ಹತ್ತಾರು, ಕೆಲವು ನೂರಾರು ಕಿಲೋಮೀಟರ್ ಉದ್ದ. ಬಣ್ಣ ಇಟ್ಟಿಗೆಯದು, ಸಂಜೆಯಾದರೆ ಕುಂಕುಮಕ್ಕೆ ತಿರುಗುತ್ತದೆ. ಬಲಕ್ಕೆ ಕಲ್ಲುಹರಳಿನ ಬಯಲು. ಅದರಾಚೆ ಡಯಮಂಟೀನಾ ನದಿಯ ಕವಲುಗಳು, ಹಸಿರೂ ಅಲ್ಲದ ಕಂದೂ ಅಲ್ಲದ ಮರದ ಸಾಲುಗಳಿಂದ ಮಾತ್ರ ಗುರುತು ಸಿಗುತ್ತವೆ. ಪರಿಚಾರಿಕೆ ನೀರಿನ ಲೋಟ ಕೊಟ್ಟು ಹಿಂದಿರುಗುವುದರೊಳಗೆ ಇಂಜಿನ್ನಿನ ಸದ್ದು ಇಳಿಮುಖವಾಗುತ್ತದೆ. ಬೆಡೂರಿ ಬಂತು. ಸುಮಾರು ಅರ್ಧ ಗಂಟೆ.

ನನ್ನನ್ನು ಕೇಳಿದರೆ ಆ ಅರ್ಧ ಗಂಟೆಗಿಂತ ರಸ್ತೆಯೇ ಚಂದ. ಮಳೆ ಇಲ್ಲದ ಕಾಲದಲ್ಲಿ, ಗಾಡಿ ಗಟ್ಟಿಯಿದ್ದರೆ, ಎರಡೂವರೆ ಗಂಟೆಯ ದಾರಿ. ಬರ್ಡ್ಸ್‌ವಿಲ್ ಬಿಟ್ಟು ಹದಿನಾಲ್ಕು ಕಿಲೋಮೀಟರಿಗೆ ವಾಡಿ ಮರಗಳ ಒಂದು ತೋಪು ಬರುತ್ತದೆ. ಜಾಲಿಯ ಜಾತಿಯದು, ನೋಡಲು ಸರ್ವೆಯ ಹಾಗೆ. ಜಗತ್ತಿನಲ್ಲಿ ಈ ಮರ ಗುಂಪಾಗಿ ಬೆಳೆಯುವುದು ಮೂರೇ ಕಡೆ: ಇಲ್ಲಿ, ಬೂಲಿಯಾದ ಬಳಿ, ಮತ್ತು ಮರುಭೂಮಿಯ ಆಚೆ ದಂಡೆಯ ಆಂಡಾಡೊದಲ್ಲಿ. ಕೊಡಲಿಯ ಬಾಯಿ ಮುರಿಯುವಷ್ಟು ಗಟ್ಟಿ ಮರ. ಹಿಂದಿನ ದನಗಾಹಿ ಒಡೆಯರು ಇದನ್ನೇ ಕಡಿದು ಬೇಲಿಗೂಟ ಮಾಡಿದರು, ಮರ ಕಡಿಮೆಯಾದದ್ದಕ್ಕೆ ಅದೂ ಒಂದು ಕಾರಣ. ಗಾಳಿ ಬೀಸಿದಾಗ ತೋಪಿನೊಳಗೆ ನಿಂತರೆ ದೂರದಲ್ಲಿ ಸಮುದ್ರವಿದೆಯೇನೋ ಎನ್ನುವಂಥ ಸದ್ದು. ಸಮುದ್ರ ಇರುವುದು ಯಾವ ದಿಕ್ಕಿಗೆ ಹೋದರೂ ಏಳುನೂರು ಕಿಲೋಮೀಟರಿನಾಚೆ.

ಇನ್ನೂ ಮುಂದೆ, ಎಂಬತ್ತರ ಹತ್ತಿರ, ಬಯಲಿನ ನಡುವೆ ಸುಣ್ಣಕಲ್ಲಿನ ಒಂದು ಪಾಳು ಮನೆ. ಕಾರ್ಕೋರಿ ಎಂದು ಅದರ ಹೆಸರು. ಆಸ್ಟ್ರೇಲಿಯಾದ ದನಗಳ ದೊರೆ ಎನಿಸಿಕೊಂಡಿದ್ದ ಸಿಡ್ನಿ ಕಿಡ್ಮನ್‌ನ ಆಸ್ತಿ. ಬರಗಾಲ ಬಂದು ಬಿಟ್ಟುಹೋದರು. ಛಾವಣಿ ಹಾರಿದೆ, ಗೋಡೆ ನಿಂತಿದೆ, ಕಿಟಕಿಯ ಚೌಕದಲ್ಲಿ ಆಕಾಶ ಕೂತಿದೆ. ಅಲ್ಲಿಂದ ಇನ್ನೊಂದು ನಲವತ್ತು ಕಿಲೋಮೀಟರಿಗೆ ಕಟ್ಟಬರ್ರಾ ದಾಟು. ಐರ್ ಕ್ರೀಕ್ ರಸ್ತೆಯನ್ನು ಅಡ್ಡಗಟ್ಟುವ ಜಾಗ. ಬೇಸಿಗೆಯ ಕೊನೆಯಲ್ಲೂ ಇಲ್ಲಿ ಮಡುವಿನಲ್ಲಿ ನೀರು ನಿಂತಿರುವುದುಂಟು, ಕಡಲ ಹಕ್ಕಿಯೆಂದು ನಾವು ಅಂದುಕೊಂಡಿರುವ ಪೆಲಿಕನ್‌ಗಳು ಗಂಭೀರವಾಗಿ ತೇಲುತ್ತಿರುತ್ತವೆ. ಮೇಲಿನಿಂದ ಹೋದವರಿಗೆ ಇದೊಂದೂ ಕಾಣುವುದಿಲ್ಲ.

ಆದರೆ ರಸ್ತೆ ಚಂದ ಎನ್ನುವ ಮಾತು ಒಣ ದಿನಗಳಿಗೆ ಮಾತ್ರ. ಡಾಂಬರು ಕೆಲವೆಡೆ ಬಂದಿದೆ, ಕೆಲವೆಡೆ ಇನ್ನೂ ಜಲ್ಲಿ ಮತ್ತು ಜೇಡಿಮಣ್ಣು. ಒಂದು ಇಂಚು ಮಳೆ ಬಿದ್ದರೆ ಸಾಕು, ಆ ಜೇಡಿ ಚಕ್ರಕ್ಕೆ ಮೆತ್ತಿ ಗಾಡಿ ನಿಲ್ಲಿಸುತ್ತದೆ. ಶೈರ್‌ನವರು ಫಲಕ ಹಾಕುತ್ತಾರೆ: ರಸ್ತೆ ಮುಚ್ಚಿದೆ. ಮೀರಿ ಹೋದರೆ ದಂಡ, ಯಾಕೆಂದರೆ ಹಸಿ ದಾರಿಯಲ್ಲಿ ಒಬ್ಬ ಕೊರೆದ ಗಾಲಿಯ ಹಳ್ಳ ಒಣಗಿದ ಮೇಲೆ ಊರಿಗೆಲ್ಲ ಶಾಸ್ತಿ.

ಇಲ್ಲಿಯ ನೆರೆಯ ರೀತಿಯೇ ಬೇರೆ. ಮೋಡ ಕವಿದು, ಗುಡುಗಿ, ಸುರಿದು ಬರುವ ಮಲೆನಾಡಿನ ನೆರೆ ನೋಡಿದವರಿಗೆ ಇದು ಅರ್ಥವಾಗಲು ಸಮಯ ಬೇಕು. ಮಳೆ ಬೀಳುವುದು ಐನೂರು ಆರುನೂರು ಕಿಲೋಮೀಟರ್ ಉತ್ತರದಲ್ಲಿ. ಬರ್ಡ್ಸ್‌ವಿಲ್‌ನಲ್ಲಿ ನೆತ್ತಿ ಸುಡುವ ಬಿಸಿಲು, ಒಂದು ಹನಿ ಇಲ್ಲ. ನೆಲ ಎಷ್ಟು ಸಪಾಟೆಂದರೆ ನೀರಿಗೆ ಅವಸರವೇ ಇಲ್ಲ. ನೂರಾರು ಕವಲಾಗಿ ಹರಡಿಕೊಂಡು, ನಡಿಗೆಯ ವೇಗದಲ್ಲಿ, ವಾರಗಟ್ಟಲೆ ತೆವಳಿ ಬರುತ್ತದೆ. ಇಷ್ಟನೇ ತಾರೀಕಿಗೆ ನಮ್ಮೂರಿಗೆ ನೀರು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಅಂಗಡಿ ತುಂಬಿಸಿ, ಡೀಸೆಲ್ ಶೇಖರಿಸಿ, ಜನ ಕಾಯುತ್ತಾರೆ. ಒಂದು ಬೆಳಗ್ಗೆ ರಸ್ತೆಯ ತಗ್ಗಿನಲ್ಲಿ ಕಂದು ನೀರಿನ ಒಂದು ನಾಲಿಗೆ. ಸಂಜೆಗೆ ರಸ್ತೆ ಇಲ್ಲ. ಆ ನೀರು ಮುಂದೆ ದಕ್ಷಿಣ ಆಸ್ಟ್ರೇಲಿಯಾದ ಐರ್ ಸರೋವರದ ಉಪ್ಪಿನ ಹಾಸಿನ ಮೇಲೆ ಹೋಗಿ ಹರಡುತ್ತದೆ. ಸಮುದ್ರ ಸೇರುವ ಯೋಗ ಅದಕ್ಕಿಲ್ಲ. 2025ರ ಮಾರ್ಚ್ ಕೊನೆಯಲ್ಲಿ ಪಶ್ಚಿಮ ಕ್ವೀನ್ಸ್‌ಲ್ಯಾಂಡಿನಲ್ಲಿ ಬಂದ ನೆರೆ 1974ರ ಹಳೆಯ ಗುರುತನ್ನೂ ಕೆಲವೆಡೆ ಮೀರಿತು. ಲಕ್ಷಕ್ಕೂ ಹೆಚ್ಚು ದನ ಕುರಿ ಸತ್ತವು ಇಲ್ಲವೇ ಕಾಣೆಯಾದವು ಎಂದು ಆಗಿನ ಅಂದಾಜು. ಅಂಥ ವಾರಗಳಲ್ಲಿ ಬೆಡೂರಿಗೆ ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರಿನಲ್ಲಿ ಯಾರೂ ಉತ್ತರಿಸುವುದಿಲ್ಲ. ವಿಮಾನ ಯಾವಾಗ ಎಂದು ಹೇಳುತ್ತಾರೆ.

ನೀರು ಹೆಚ್ಚಾದರೆ ಹೀಗೆ. ಇಲ್ಲದಿದ್ದರೆ ಇನ್ನೂ ಕಷ್ಟ. 1963ರ ಡಿಸೆಂಬರ್‌ನಲ್ಲಿ ಬರ್ಡ್ಸ್‌ವಿಲ್‌ನಿಂದ ದಕ್ಷಿಣಕ್ಕೆ ಹೋಗುವ ದಾರಿಯಲ್ಲಿ ಒಂದು ಕುಟುಂಬದ ಐವರು ಇಂಧನ ಮುಗಿದು, ದಿಕ್ಕು ತಪ್ಪಿ, ನೀರಿಲ್ಲದೆ ಸತ್ತರು. ಈಗಲೂ ಆ ದಾರಿಯಲ್ಲಿ ಹೊರಡುವವರಿಗೆ ಹೇಳುವ ಮಾತು ಒಂದೇ: ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ.

ಆ ದಾರಿಯೇ ಬರ್ಡ್ಸ್‌ವಿಲ್ ಟ್ರ್ಯಾಕ್. ದಕ್ಷಿಣ ಆಸ್ಟ್ರೇಲಿಯಾದ ಮರೀ ಎಂಬ, ಹಿಂದೆ ರೈಲು ನಿಲ್ದಾಣವಿದ್ದ ಊರಿನವರೆಗೆ 517 ಕಿಲೋಮೀಟರ್. ರೈಲು ಬರ್ಡ್ಸ್‌ವಿಲ್‌ಗೆ ಎಂದೂ ಬರಲಿಲ್ಲ. ಕ್ವೀನ್ಸ್‌ಲ್ಯಾಂಡಿನ ದನದ ಮಂದೆಗಳೇ ರೈಲನ್ನು ಹುಡುಕಿಕೊಂಡು ಈ ದಾರಿಯಲ್ಲಿ ನಡೆದುಹೋದವು. 1901ರಲ್ಲಿ ಒಕ್ಕೂಟವಾಗುವ ಮುಂಚೆ ವಸಾಹತುಗಳ ಗಡಿ ದಾಟುವ ದನಕ್ಕೆ ಸುಂಕ ಕಟ್ಟಬೇಕಿತ್ತು, ಈ ಊರು ಬೆಳೆದದ್ದೇ ಆ ಸುಂಕದ ಕಟ್ಟೆಯಿಂದ. ಮೊದಲು ಒಂಟೆಗಳ ಮೇಲೆ ಸಾಮಾನು ಬರುತ್ತಿತ್ತು. ಆಮೇಲೆ ಲಾರಿ. 1936ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ದಾರಿಯಲ್ಲಿ ಅಂಚೆ ಹೊತ್ತವನು ಟಾಮ್ ಕ್ರೂಸ್. ಹಾಲಿವುಡ್ಡಿನವನಲ್ಲ, ಇವನು ಅವನಿಗಿಂತ ಗಟ್ಟಿ ಆಸಾಮಿ. ಲೇಲ್ಯಾಂಡ್ ಬ್ಯಾಜರ್ ಲಾರಿಯಲ್ಲಿ ಕಾಗದಪತ್ರ, ಹಿಟ್ಟು, ಪೆಟ್ರೋಲು, ಔಷಧಿ, ಒಮ್ಮೊಮ್ಮೆ ಪ್ರಯಾಣಿಕರು. ಮರಳಿನಲ್ಲಿ ಹೂತರೆ ಚಕ್ರದಡಿ ತಗಡು ಹಾಸುವುದು, ದಾಟಿದ ಮೇಲೆ ಎತ್ತಿಕೊಂಡು ಮತ್ತೆ ಮುಂದೆ ಹಾಸುವುದು. ಕೂಪರ್ ಕ್ರೀಕ್ ಉಕ್ಕಿ ಕಿಲೋಮೀಟರುಗಟ್ಟಲೆ ಅಗಲವಾದಾಗ ಸಾಮಾನನ್ನೆಲ್ಲ ದೋಣಿಗೆ ಇಳಿಸಿ, ಆಚೆ ದಡದಲ್ಲಿ ಇನ್ನೊಂದು ಲಾರಿಗೆ ಏರಿಸುವುದು. ಹೋಗಿ ಬರಲು ಎರಡು ವಾರ ಹಿಡಿಯುತ್ತಿತ್ತು, ನೆರೆ ಬಂದರೆ ಲೆಕ್ಕವೇ ಇಲ್ಲ. ಜಾನ್ ಹೇಯರ್ 1954ರಲ್ಲಿ ಅವನ ಮೇಲೆ ತೆಗೆದ ‘ದ ಬ್ಯಾಕ್ ಆಫ್ ಬಿಯಾಂಡ್’ ಸಾಕ್ಷ್ಯಚಿತ್ರ ವೆನಿಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ ಗೆದ್ದಿತು. ವೆನಿಸ್‌ನವರು ಬೆರಗಾದದ್ದು ಸಹಜ. ಅವರ ಊರಿನಲ್ಲಿ ಬೀದಿಯೇ ನೀರು.

ಬಿಳಿಯರಿಗಿಂತ ಮೊದಲು ಇಲ್ಲಿ ದೂರ ಇರಲಿಲ್ಲವೇ? ಇತ್ತು, ಅದನ್ನು ಬಾವಿಗಳಿಂದ ಅಳೆಯುತ್ತಿದ್ದರು. ವಾಂಗ್‌ಕಾಂಗುರ್ರು ಜನ ಸಿಂಪ್ಸನ್ ದಿಬ್ಬಗಳ ನಡುವಿನ ತಗ್ಗುಗಳಲ್ಲಿ ‘ಮಿಕಿರಿ’ ಎಂಬ ಕಿರಿದಾದ ಬಾವಿ ತೋಡಿಕೊಂಡು ತಲೆಮಾರುಗಳ ಕಾಲ ಬದುಕಿದರು. ಒಂದು ಬಾವಿಯಿಂದ ಇನ್ನೊಂದಕ್ಕೆ ಎಷ್ಟು ನಡಿಗೆ ಎಂಬುದೇ ಅವರ ನಕಾಶೆ. 1886ರಲ್ಲಿ ಡೇವಿಡ್ ಲಿಂಡ್ಸೆ ಎಂಬ ಸರ್ವೇಯರ್ ಮರುಭೂಮಿ ಹೊಕ್ಕಾಗ ಸ್ಥಳೀಯನೊಬ್ಬ ಬಾವಿಯಿಂದ ಬಾವಿಗೆ ಅವನನ್ನು ಕರೆದೊಯ್ದ. ಲಿಂಡ್ಸೆಯ ಹೆಸರು ಪುಸ್ತಕ ಸೇರಿತು. ಬೆಡೂರಿ ಸುತ್ತಿನ ದಿಬ್ಬಗಳಲ್ಲಿ ಬೆಳೆಯುವ ಪಿಟುರಿ ಎಂಬ ಗಿಡದ ಎಲೆ, ನಮ್ಮ ಹೊಗೆಸೊಪ್ಪಿನಂತೆ ಅಗಿಯುವಂಥದ್ದು, ಕಾಲ್ನಡಿಗೆಯಲ್ಲೇ ನೂರಾರು ಕಿಲೋಮೀಟರ್ ದೂರದ ಜನರಿಗೆ ಮಾರಾಟವಾಗುತ್ತಿತ್ತು. ಈ ಹಾದಿಗಳಿಗೆ ಯಾವ ಕಾಲದಲ್ಲೂ ‘ಮುಚ್ಚಿದೆ’ ಎಂಬ ಫಲಕ ಬಿದ್ದಿರಲಾರದು.

ವಿಮಾನ ಬಂದದ್ದು ಕೂಡ ಕೆಟ್ಟ ರಸ್ತೆಯ ದೆಸೆಯಿಂದಲೇ. ಮೊದಲ ಮಹಾಯುದ್ಧ ಮುಗಿಸಿ ಬಂದ ಪಾಲ್ ಮೆಗಿನೆಸ್ ಮತ್ತು ಹಡ್ಸನ್ ಫಿಶ್ 1919ರಲ್ಲಿ ಇಂಗ್ಲೆಂಡ್–ಆಸ್ಟ್ರೇಲಿಯಾ ವಿಮಾನ ಪಂದ್ಯಕ್ಕೆ ಇಳಿದಾಣ ಗುರುತಿಸಲು ಲಾಂಗ್‌ರೀಚ್‌ನಿಂದ ಉತ್ತರಕ್ಕೆ ಫೋರ್ಡ್ ಕಾರಿನಲ್ಲಿ ಹೊರಟರು. 2,180 ಕಿಲೋಮೀಟರ್ ದಾಟಲು 51 ದಿನ ಹಿಡಿಯಿತು. ಇಷ್ಟು ಒದ್ದಾಡಿದ ಮೇಲೆ ಯಾರಿಗಾದರೂ ಹಾರುವ ಆಸೆ ಹುಟ್ಟುತ್ತದೆ. ಕುರಿ ಸಾಕುತ್ತಿದ್ದ ಫರ್ಗಸ್ ಮೆಕ್‌ಮಾಸ್ಟರ್ ದುಡ್ಡು ಕೂಡಿಸಲು ನಿಂತರು, 1920ರ ನವೆಂಬರ್ 16ರಂದು ಕ್ವಾಂಟಾಸ್ ವಿಮಾನ ಕಂಪನಿ ನೋಂದಣಿಯಾಯಿತು. 1922ರ ನವೆಂಬರ್ 2ರಂದು ಚಾರ್ಲ್‌ವಿಲ್‌ನಿಂದ ಕ್ಲಾನ್‌ಕರಿಯತ್ತ ಅದರ ಮೊದಲ ವೇಳಾಪಟ್ಟಿ ಹಾರಾಟ ಹೊರಟಿತು, ಅದಕ್ಕೂ ಸರ್ಕಾರದ ಅಂಚೆ ಗುತ್ತಿಗೆಯ ಹಣವೇ ಆಸರೆ. ಮರುದಿನ ಲಾಂಗ್‌ರೀಚ್‌ನಲ್ಲಿ ಹತ್ತಿದ ಮೊದಲ ಪ್ರಯಾಣಿಕ ಅಲೆಕ್ಸಾಂಡರ್ ಕೆನಡಿಗೆ 84 ವರ್ಷ. ಎತ್ತಿನ ಗಾಡಿಯ ಕಾಲದಲ್ಲಿ ಆ ಸೀಮೆಗೆ ಬಂದು ನೆಲೆಸಿದ್ದ ಅಜ್ಜ. ಇಂದು ಜಗತ್ತು ಸುತ್ತುವ ಕಂಪನಿ ಹುಟ್ಟಿದ್ದು ಇಂಥ ಎರಡು ಊರುಗಳ ನಡುವೆ.

ಆರು ವರ್ಷದ ಮೇಲೆ, 1928ರ ಮೇ 17ರಂದು, ಅದೇ ಕ್ವಾಂಟಾಸ್‌ನಿಂದ ಬಾಡಿಗೆಗೆ ಪಡೆದ ಡಿ ಹ್ಯಾವಿಲ್ಯಾಂಡ್ ವಿಮಾನದಲ್ಲಿ ಡಾಕ್ಟರ್ ಸೇಂಟ್ ವಿನ್ಸೆಂಟ್ ವೆಲ್ಚ್ ಕ್ಲಾನ್‌ಕರಿಯಿಂದ ಜೂಲಿಯಾ ಕ್ರೀಕ್‌ಗೆ ಹಾರಿದರು. ಪಾದ್ರಿ ಜಾನ್ ಫ್ಲಿನ್ ಹತ್ತು ವರ್ಷ ಬೆನ್ನುಹತ್ತಿ ಕಟ್ಟಿದ ‘ಹಾರುವ ಡಾಕ್ಟರ್’ ಸೇವೆಯ ಮೊದಲ ಹಾರಾಟ ಅದು. ವಿಮಾನ ಉಪಯೋಗಿಸಿ ಎಂದು 1917ರಲ್ಲಿ ಅವರಿಗೆ ಕಾಗದ ಬರೆದಿದ್ದ ಕ್ಲಿಫರ್ಡ್ ಪೀಲ್ ಎಂಬ ವೈದ್ಯ ವಿದ್ಯಾರ್ಥಿ ಮರುವರ್ಷ ಯುದ್ಧದಲ್ಲಿ ವಿಮಾನದೊಂದಿಗೇ ಕಳೆದುಹೋದ. ಡಾಕ್ಟರನ್ನು ಕರೆಯುವುದು ಹೇಗೆ? ಕರೆಂಟಿಲ್ಲದ ಒಂಟಿಮನೆಗಳಿಗೆ ಆಲ್ಫ್ರೆಡ್ ಟ್ರೇಗರ್ 1929ರಲ್ಲಿ ಪೆಡಲ್ ತುಳಿದು ನಡೆಸುವ ರೇಡಿಯೋ ಮಾಡಿಕೊಟ್ಟ. ಹೆಂಗಸರು ಹೊಲಿಗೆ ಯಂತ್ರ ತುಳಿಯುವ ಅಭ್ಯಾಸದಲ್ಲಿ ಇದನ್ನೂ ತುಳಿದರು. ಬರ್ಡ್ಸ್‌ವಿಲ್‌ನಲ್ಲಿ ಅಷ್ಟರಲ್ಲಾಗಲೇ, 1923ರಿಂದ, ಫ್ಲಿನ್‌ರ ಮಿಷನ್ನಿನ ನರ್ಸುಗಳ ಆಸ್ಪತ್ರೆ ಇತ್ತು. ಇಂದಿಗೂ ಊರಿನಲ್ಲಿ ಇರುವುದು ನರ್ಸ್‌ಗಳ ಕ್ಲಿನಿಕ್. ಡಾಕ್ಟರ್ ಬರುವುದು ಸುಮಾರು 690 ಕಿಲೋಮೀಟರ್ ದೂರದ ಚಾರ್ಲ್‌ವಿಲ್ ನೆಲೆಯಿಂದ, ಹಾರಿಕೊಂಡೇ. ರಾತ್ರಿ ತುರ್ತು ಕರೆ ಬಂದರೆ ಊರಿನವರು ಗಾಡಿ ಓಡಿಸಿ ರನ್‌ವೇಯ ಮೇಲಿನ ಕಾಂಗರೂಗಳನ್ನು ಮೊದಲು ಅಟ್ಟಬೇಕು.

ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಲೆಕ್ಕ ತಲೆಕೆಳಗಾಗುತ್ತದೆ. 1882ರಿಂದ ನಡೆದುಬಂದ ಕುದುರೆ ಪಂದ್ಯಕ್ಕೆ ಸಾವಿರಾರು ಜನ ನುಗ್ಗಿ, ನೂರಾರು ಪುಟ್ಟ ವಿಮಾನಗಳು ಹೋಟೆಲ್ಲಿನೆದುರು ಸಾಲುಗಟ್ಟುತ್ತವೆ. ಅವುಗಳ ರೆಕ್ಕೆಯ ಕೆಳಗೇ ಡೇರೆ, ಒಲೆ, ಹಾಸಿಗೆ. ಪಂದ್ಯದ ಹಣದಲ್ಲಿ ಒಂದು ಪಾಲು ಹಾರುವ ಡಾಕ್ಟರ್ ಸೇವೆಗೆ. 2010ರಲ್ಲಿ ಮರುಭೂಮಿಯ ಈ ಪಂದ್ಯ ಮಳೆಯಿಂದ ರದ್ದಾಯಿತು ಎಂದರೆ ನಂಬಬೇಕು.

ಉಳಿದ ಐವತ್ತೊಂದು ವಾರ ಇರುವುದು ಆ ಮೂವತ್ತನಾಲ್ಕು ಸೀಟಿನ ವಿಮಾನ, ಅದರಲ್ಲಿ ಬಹಳಷ್ಟು ಸೀಟು ಖಾಲಿ. ವ್ಯಾಪಾರದ ಲೆಕ್ಕದಲ್ಲಿ ಈ ದಾರಿ ಒಂದು ದಿನವೂ ಗಿಟ್ಟುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಗುತ್ತಿಗೆ ಕೊಟ್ಟು, ಟಿಕೆಟ್ ದರಕ್ಕೆ ಮಿತಿ ಹಾಕಿ, ಕೊರತೆ ತುಂಬುತ್ತದೆ. 2015ರ ಆರಂಭದಿಂದ ಹಾರಿಸುತ್ತಿರುವುದು ರೆಕ್ಸ್ ಕಂಪನಿ. 2024ರ ಜುಲೈ ಕೊನೆಯಲ್ಲಿ ಅದು ಆರ್ಥಿಕವಾಗಿ ಕುಸಿದು ಆಡಳಿತಾಧಿಕಾರಿಗಳ ಕೈಸೇರಿತು. ದೊಡ್ಡ ನಗರಗಳ ನಡುವಿನ ಅದರ ಬೋಯಿಂಗ್‌ಗಳು ಕೂಡಲೇ ನಿಂತವು, ಹಳ್ಳಿಯೂರುಗಳ ಸಾಬ್‌ಗಳು ಒಕ್ಕೂಟ ಸರ್ಕಾರದ ಆಸರೆಯಲ್ಲಿ ಹಾರುತ್ತಲೇ ಇದ್ದವು. ಮುಂದಿನ ತೊಡಕು ಬೇರೆ. ಸ್ವೀಡನ್ನಿನ ಸಾಬ್ ಕಂಪನಿ ಈ ವಿಮಾನದ ತಯಾರಿಕೆಯನ್ನು 1999ರಲ್ಲೇ ನಿಲ್ಲಿಸಿದೆ. ಇರುವವೆಲ್ಲ ಇಪ್ಪತ್ತೈದು ದಾಟಿದವು, ಇಷ್ಟೇ ಗಾತ್ರದ ಹೊಸದನ್ನು ತರೋಣವೆಂದರೆ ಆಯ್ಕೆ ಕಡಿಮೆ.

ನಮ್ಮಲ್ಲೂ ಉಡಾನ್ ಯೋಜನೆಯ ಸಹಾಯಧನದಲ್ಲಿ ಚಿಕ್ಕ ಊರುಗಳಿಗೆ ವಿಮಾನ ಬಂತು. ಬೀದರ್–ಬೆಂಗಳೂರು ಹಾರಾಟ 2020ರಲ್ಲಿ ಶುರುವಾಗಿ, ನಿಂತು, ಇನ್ನೊಂದು ಕಂಪನಿಯಿಂದ ಮತ್ತೆ ಶುರುವಾಗಿ, ಮತ್ತೆ ನಿಂತು, 2025ರಲ್ಲಿ ಪುನಃ ಹಾರಿತು. ಉಡಾನ್‌ನಲ್ಲಿ ಒಂದು ದಾರಿಗೆ ಸಹಾಯಧನ ಮೂರು ವರ್ಷ, ಆಮೇಲೆ ಅದು ತನ್ನ ಕಾಲ ಮೇಲೆ ನಿಲ್ಲಬೇಕೆಂಬುದು ಲೆಕ್ಕಾಚಾರ. ಬೀದರಿಗೆ ರೈಲಿದೆ, ರಾತ್ರಿ ಬಸ್ಸಿದೆ, ಆದ್ದರಿಂದ ವಿಮಾನ ನಿಂತಾಗ ಬೈದುಕೊಂಡು ಬಸ್ಸು ಹತ್ತಿದರಾಯಿತು. ಬರ್ಡ್ಸ್‌ವಿಲ್, ಬೆಡೂರಿಗಳಂಥ ಊರಿನ ವಿಮಾನಕ್ಕೆ ಮೂರು ವರ್ಷವಲ್ಲ, ಮುನ್ನೂರು ವರ್ಷ ಕೊಟ್ಟರೂ ಲಾಭ ಬರುವುದಿಲ್ಲ. ಕುಡಿಯುವ ನೀರಿಗೆ, ಶಾಲೆಗೆ ಕೊಡುವ ಹಾಗೆ ಅದಕ್ಕೂ ಪ್ರತಿವರ್ಷ ಬಜೆಟ್ಟಿನಲ್ಲಿ ಹಣ ಎತ್ತಿಡಬೇಕು, ಎತ್ತಿಡುತ್ತಿದ್ದಾರೆ. ಅದು ಸರಿಯಾದ ಖರ್ಚು.